ಒಂದೇ ನಮೂನೆ ತಡವಾಗುವ ಲೈನು

ಮನೆ ಮುಂದಿನ ಕಂಬಕ್ಕೆ ಎರಡು ಕಪ್ಪು ವಯರು ಬಂದು ನಿಂತಿದ್ದವು, ಒಂದನ್ನು ಆರಿಸಿಕೊಳ್ಳುವುದಷ್ಟೇ ಬಾಕಿ ಎಂದು ಇದನ್ನು ಬರೆಯಲು ಶುರುಮಾಡಿದ್ದೆ. ಆ ಸಾಲು ಹೊಡೆದು ಹಾಕಿದೆ. ಕಂಬಕ್ಕೆ ಬಂದದ್ದು ಒಂದೇ ವಯರು, ಕೇಬಲ್ಲಿನವರದು. ಸರಕಾರಿ ಟೆಲಿಫೋನಿನ ಲೈನು ಗದ್ದೆಯಾಚೆಯ ಮನೆಯಲ್ಲೇ ನಿಂತುಬಿಟ್ಟಿತ್ತು. ಎರಡೂ ಅಕ್ಕಪಕ್ಕ ತೂಗುವ ಚಿತ್ರ ಚೆನ್ನಾಗಿದೆ ಎನ್ನುವ ಒಂದೇ ಕಾರಣಕ್ಕೆ ನನ್ನ ನೆನಪು ಇನ್ನೊಂದನ್ನು ತಂದು ಕಟ್ಟಿದೆ.

ಅವ್ವನ ಕಾಲು ಮುರಿದದ್ದು ಮಾತ್ರ ಖರೆ. ಮಾವಳ್ಳಿಯ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಿದ್ದಳು. ಪ್ಲಾಸ್ಟರ್ ಹಾಕಿದ ಡಾಕ್ಟರು ಕಾಲನ್ನು ದಿಂಬಿನ ಮೇಲಿಂದ ಇಳಿಸಬೇಡಿ, ಗಾಡಿ ಹತ್ತುವ ಮಾತೇ ಬೇಡ ಎಂದಿದ್ದರು. ಆದರೆ ಕುಮಟೆಯಾಚೆ, ಕತಗಾಲದ ಹತ್ತಿರ, ಅವ್ವನ ತಂಗಿಯ ಮೊಮ್ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮದುಮಗಳಿಗೆ ಅರಿಶಿನ ಹಚ್ಚುವಾಗ ಹಾಡಬೇಕು. ಒಬ್ಬರು ಸೊಲ್ಲು ಎತ್ತಬೇಕು, ಎದುರು ಕೂತ ಹೆಂಗಸರು ಅದನ್ನು ತಿರುಗಿ ಹಾಡಬೇಕು. ತಿರುಗಿ ಹಾಡುವವರು ಚಿಕ್ಕವ್ವನ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಎತ್ತಬಲ್ಲವಳು ಅವ್ವ ಒಬ್ಬಳೇ ಉಳಿದಿದ್ದಳು. ಅಕ್ಕ ಹಾಡದೆ ಅರಿಶಿನ ಮೈಗಿಳಿಯುವುದಿಲ್ಲ ಎಂದು ಚಿಕ್ಕವ್ವ ಫೋನಿನಲ್ಲಿ ಅತ್ತಿದ್ದಳು. ಅಥವಾ ಅವಳಿಗೆ ಆಗ ಶೀತವಾಗಿತ್ತೋ ಏನೋ.

ರೆಕಾರ್ಡ್ ಮಾಡಿ ಕಳಿಸೋಣ ಎಂದೆ. ಅವ್ವ ಒಪ್ಪಲಿಲ್ಲ. ಮಗಳಾದ ನನ್ನನ್ನೂ ಅವಳು ತಂಗಿ ಎಂದೇ ಕರೆಯುವುದು.

"ಅದು ಕಾಯೂದಿಲ್ಲ ತಂಗಿ. ಅವ್ರು ಉಸಿರು ತಕಂಬೂದ್ರೊಳಗೆ ಮುಂದೆ ಹೋಗಿಬಿಡ್ತದೆ."

ಹಾಗಾದರೆ ವಿಡಿಯೋ ಕಾಲ್. ಆದರೆ ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಬರುವುದು ಹಿತ್ತಲಿನ ಪೇರಲ ಮರದ ಬುಡದಲ್ಲಿ, ಅದೂ ಅದರ ಮರ್ಜಿ. ಟಿವಿಗೆ ಮಾಡಿನ ಮೇಲೆ ಡಿಶ್ ಇತ್ತು, ಅದರಿಂದ ಅವ್ವನ ಸಂಜೆಯ ಧಾರಾವಾಹಿ ನಡೆಯುತ್ತಿತ್ತು. ಇಂಟರ್ನೆಟ್ ಬೇಕೆಂದರೆ ಕೇಬಲ್ ಅಥವಾ ಸರಕಾರಿ ಲೈನು. ಹೊನ್ನಾವರದಲ್ಲಿ ನಾನು ಕೆಲಸ ಮಾಡುವ ಆಫೀಸಿನ ಎದುರು ದೊಡ್ಡ ಕಂಪನಿಯೊಂದರ ಬೋರ್ಡು ಇದೆ. ಫೋನ್ ಮಾಡಿ ಕೇಳಿದರೆ ನಿಮ್ಮ ಊರಿಗೂ ಸದ್ಯದಲ್ಲೇ ಬರುತ್ತೇವೆ ಎನ್ನುತ್ತಾರೆ. ಮದುವೆಗಳಿಗೆ ಸದ್ಯದಲ್ಲೇ ಎನ್ನುವ ಮುಹೂರ್ತ ಇರುವುದಿಲ್ಲ.

ಆಫೀಸಿನವರು ಸ್ಪೀಡು ನೋಡಿ ತೆಗೆದುಕೋ ಎಂದರು. ಹಾಡಿ ನೋಡದೆ ಹೇಗೆ ಗೊತ್ತಾಗಬೇಕು ಎಂದಳು ಅವ್ವ.

ಹೀಗೆ ಒಂದು ಭಾನುವಾರ ನಾನೂ ಎದುರುಮನೆಯಾತನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುರಿದ ಕಾಲಿಗೆ ಮಣೆ ಕಟ್ಟಿ, ಎತ್ತಿಕೊಂಡು ಹೊರಟೆವು. ಕೇಬಲ್ ಇದ್ದದ್ದು ಎದುರುಮನೆಯಲ್ಲೇ. ಕೇಬಲ್ಲಿನವರೂ ಬಂದಿದ್ದರು. ಭಟ್ಕಳ ಪೇಟೆಯವರು, ಮನೆಯಲ್ಲಿ ನವಾಯತಿ ಮಾತಾಡುವವರು, ಅವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವರಿರಬಹುದು. ಟಿವಿ, ನೆಟ್ಟು ಎರಡೂ ತಮ್ಮದೇ ಹಾಕಿಸಿಕೊಳ್ಳಿ, ಡಿಶ್ಶನ್ನು ಕೋಳಿಗಳಿಗೆ ನೀರು ಹಾಕಲು ಇಟ್ಟುಕೊಳ್ಳಿ ಎಂದರು.

"ಅಮ್ಮಾ, ನಮ್ಮ ಲೈನಲ್ಲಿ ದುಬೈಯವರು ಮನೆ ಜನರ ಸಂಗಡ ದಿನಾ ಮಾತಾಡ್ತಾರೆ."

"ಮಾತಾಡ್ತರು. ಹಾಡ್ತರನಾ?"

ಅವರು ನಕ್ಕು ಕೂತರು. ನಾನು ಚಿಕ್ಕವ್ವನಿಗೆ ವಿಡಿಯೋ ಕಾಲ್ ಹಚ್ಚಿದೆ. ಶುಭಕಾರ್ಯವಿಲ್ಲದೆ ಮದುವೆ ಹಾಡು ಹಾಡಬಾರದೆಂದು ಅವ್ವ ಭತ್ತದ ಸಸಿ ನೆಡುವಾಗಿನ ನಟ್ಟಿ ಹಾಡು ಎತ್ತಿದಳು. ಆಚೆ ಕಡೆಯಿಂದ ಚಿಕ್ಕವ್ವನ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ವಚ್ಛವಾಗಿ ಕಂಡಿತು. ಮೊದಲ ಸೊಲ್ಲಿಗೆ ಉತ್ತರ ಕೂಡಲೇ ಬಂತು. ಎರಡನೆಯದಕ್ಕೆ ಬರಲೇ ಇಲ್ಲ. ಚಿಕ್ಕವ್ವ ಬಾಯಿ ತೆರೆದು ನಿಂತುಬಿಟ್ಟಳು. ಅವ್ವ ಕಾದು ಕಾದು ಮೂರನೆಯದನ್ನು ಎತ್ತಿದ್ದೇ ಎರಡನೆಯದರ ಉತ್ತರ ದಡಬಡನೆ ಬಂದು ಅದರ ಮೇಲೆ ಬಿತ್ತು. ಇಬ್ಬರು ಅಕ್ಕತಂಗಿಯರೂ ಒಬ್ಬರನ್ನೊಬ್ಬರು ತುಳಿದುಕೊಂಡು ಹಾಡಿ, ಕೊನೆಗೆ ನಗು ತಡೆಯಲಾಗದೆ ಬಿಟ್ಟರು. ಕೇಬಲ್ಲಿನವರೇ ಎಲ್ಲರಿಗಿಂತ ಜೋರಾಗಿ ನಕ್ಕದ್ದು. ಇದು ನನಗೆ ಚೆನ್ನಾಗಿ ನೆನಪಿದೆ, ಅಂದರೆ ಅನುಮಾನ ಪಡಬೇಕಾದ ಜಾಗ ಇದೇ.

ಗದ್ದೆಯಾಚೆಯ ಮನೆಗೆ ಮೆರವಣಿಗೆ ಹೋದದ್ದು ಅದೇ ದಿನವೋ ಮರುದಿನವೋ. ಗದ್ದೆಯಂಚಿನ ಬದುವಿನ ಮೇಲೆ ಕುರ್ಚಿ ಓಲಾಡಿದಾಗಲೆಲ್ಲ ಅವ್ವ ನನ್ನನ್ನೂ ಎದುರುಮನೆಯಾತನನ್ನೂ ಒಂದೇ ಉಸಿರಿನಲ್ಲಿ ಬೈದಳು. ಅಲ್ಲಿ ಸರಕಾರಿ ಲೈನು. ಚಿತ್ರ ಮಂಜು ಮಂಜು, ಚಿಕ್ಕವ್ವನಿಗೆ ಮೂಗೇ ಇರಲಿಲ್ಲ. ಅವ್ವ ಸೊಲ್ಲು ಎತ್ತಿ ಮುಗಿಸಿದಳು. ಏನೂ ಇಲ್ಲ. ನಾನು ಫೋನಿನತ್ತ ಕೈ ಚಾಚಿದೆ. ಆಗ ಉತ್ತರ ಬಂತು, ಪೂರ್ತಿಯಾಗಿ, ಒಂದಕ್ಷರ ಬೀಳದೆ. ಮುಂದಿನ ಸೊಲ್ಲಿಗೂ ಅಷ್ಟೇ ತಡ. ಅದರ ಮುಂದಿನದಕ್ಕೂ ಅಷ್ಟೇ. ಅವ್ವನ ಮುಖ ಅರಳತೊಡಗಿತು.

"ದೊಡ್ಡ ಗದ್ದೆಲಿ ನಟ್ಟಿ ಮಾಡುವಾಗ ಆಚೆ ಅಂಚಿನವ್ರದ್ದು ಹೀಂಗೇ ತಡ ಆಗಿ ಬರ್ತಿತ್ತು. ತಡ ಆದ್ರೆ ಅಡ್ಡಿಲ್ಲ. ಒಂದೇ ನಮೂನೆ ತಡ ಆಗ್ಬೇಕು."

ಆ ಖುಷಿಯಲ್ಲಿ ಅವಳು ತನ್ನ ನಿಯಮ ತಾನೇ ಮರೆತು ಅರಿಶಿನದ ಹಾಡಿಗೆ ಜಾರಿದಳು. ಆ ಹಾಡು ದೀಪವಿಲ್ಲದ ಮನೆಯಲ್ಲಿ ಕೇಳಬಾರದೆಂದು ಆ ಮನೆಯ ಅಕ್ಕ ಗಡಿಬಿಡಿಯಲ್ಲಿ ದೀಪ ಹಚ್ಚಿ, ಅರಿಶಿನ ಕುಂಕುಮದ ಬಟ್ಟಲು ತಂದಿಟ್ಟರು. ಮಧ್ಯಾಹ್ನದ ಹೊತ್ತು, ಗಾಳಿ ಊರ ಕಡೆಗೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕೇರಿಯ ಹೆಂಗಸರು, ಇಬ್ಬರಂತೂ ಸೀರೆ ಬದಲಿಸಿಯೇ ಬಂದಿದ್ದರು. ಅರಿಶಿನದ ಹಾಡು ಕೇಳಿತು, ದೀಪ ಕಂಡಿತು, ಒಳಗೆ ನಲವತ್ತರ ಹತ್ತಿರದ ಮದುವೆಯಾಗದ ನಾನು, ಜಗಲಿಯಲ್ಲಿ ಆ ಅಕ್ಕನ ಮದುವೆಯಾಗದ ತಮ್ಮ ಚಹಾ ಕುಡಿಯುತ್ತ. ಲೆಕ್ಕ ಕೂಡಿಸಲು ಅವರಿಗೆ ಮತ್ತೇನೂ ಬೇಕಾಗಲಿಲ್ಲ.

"ಹೇಳದೆ ಮುಗಿಸೂ ಅಂದಾಜನೇ?" ಎಂದು ಒಬ್ಬಳು ನನ್ನ ಕೆನ್ನೆ ಹಿಂಡಿದಳು.

ಆ ತಮ್ಮ ಚಹಾ ಅರ್ಧಕ್ಕೆ ಬಿಟ್ಟು ಬೈಕು ಹತ್ತಿದವನು ಸಂಜೆಯವರೆಗೂ ಬರಲಿಲ್ಲವಂತೆ. ನಿಜ ಹೇಳಿದ ಮೇಲೂ ಯಾರೂ ಹೋಗಲಿಲ್ಲ. ಬಂದವರು ಬಂದೇ ಬಂದಿದ್ದೇವೆ ಎಂದು ಕೂತು, ಹಾಡು ಕೊನೆಯವರೆಗೂ ಕೇಳಿ, ಕುಂಕುಮ ಇಟ್ಟುಕೊಂಡು ಹೊರಟರು.

ಸರಕಾರಿ ಲೈನೇ ಎಂದು ತೀರ್ಮಾನವಾಯಿತು. ಟಿವಿಗೆ ಹಳೆಯ ಡಿಶ್ಶೇ ಇರಲಿ ಎಂದಳು ಅವ್ವ. ಧಾರಾವಾಹಿಗೂ ಹಾಡಿಗೂ ಒಂದೇ ವಯರಾದರೆ ಜಗಳ. ಆದರೆ ಲೈನು ನಮ್ಮ ಮನೆಗೆ ಬರಬೇಕಾದರೆ ಕೆನ್ನೆ ಹಿಂಡಿದವಳ ತೆಂಗಿನಮರಗಳ ಮೇಲಿಂದ ಬರಬೇಕು. ಕೇಳಲು ಹೋದೆ. ಕಟ್ಟಲಿ, ನಿನ್ನ ಮದುವೆಗೂ ಅದೇ ಲೈನು ಸಾಕಾಗುತ್ತದೆ ಎಂದಳು. ಲೈನಿನವನು ಇವತ್ತು ನಾಳೆ ಎನ್ನುತ್ತ ಮದುವೆಯ ಹಿಂದಿನ ದಿನ ಬಂದ, ಏಣಿ ತರಲು ಮರೆತು. ಏಣಿ ಕೊಟ್ಟವರು ಕೇಬಲ್ಲಿನವರು. ನನ್ನ ಗಿರಾಕಿ ಕಸಿದುಕೊಳ್ಳಲು ನನ್ನದೇ ಏಣಿ ಎಂದು ಕೆಳಗೆ ನಿಂತು ಹಂಗಿಸುತ್ತ ಅದನ್ನು ಹಿಡಿದುಕೊಂಡದ್ದೂ ಅವರೇ. ಕತ್ತಲಾಗುವ ಮೊದಲು ಮೋಡೆಮ್ ಡಬ್ಬಿಯ ಕೆಂಪು ದೀಪ ಹಸಿರಾಯಿತು.

ಮದುವೆಯ ದಿನ ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು, ಕಾಲನ್ನು ದಿಂಬಿನ ಮೇಲೆ ಚಾಚಿ, ದೀಪದ ಮುಂದೆ ಕೂತಳು. ಆಚೆ ಚಿಕ್ಕವ್ವ ಫೋನನ್ನು ಅಕ್ಕಿಯ ಹರಿವಾಣಕ್ಕೆ ಒರಗಿಸಿಟ್ಟಿದ್ದಳು. ಮೊದಲ ಸೊಲ್ಲಿಗೇ ಅದು ಜಾರಿ ಅಂಗಾತ ಬಿತ್ತು. ಎಲ್ಲರ ಕೈಯಲ್ಲೂ ಅರಿಶಿನ, ಎತ್ತಿ ನಿಲ್ಲಿಸುವವರಿಲ್ಲ. ಮದುಮಗಳು ಒಮ್ಮೆ ಬಗ್ಗಿ ನಮ್ಮತ್ತ ನೋಡಿ ನಕ್ಕಳು ಎಂದು ನಾನು ಹೇಳುತ್ತೇನೆ. ಅವಳನ್ನು ನೋಡಲೇ ಇಲ್ಲ, ಕಂಡದ್ದು ಚಪ್ಪರದ ಮಾವಿನೆಲೆ ಮಾತ್ರ ಎನ್ನುತ್ತಾಳೆ ಅವ್ವ. ಫೋಟೋ ನೋಡಿ ನಾನೇ ಆ ನಗುವನ್ನು ತಂದು ಸೇರಿಸಿರಬಹುದು. ಆದರೂ ಅದನ್ನು ಬಿಡುವುದಿಲ್ಲ.

ಅವ್ವ ಮಾವಿನೆಲೆಗಳನ್ನು ನೋಡುತ್ತಲೇ ಹಾಡಿದಳು. ಎತ್ತುವುದು, ನಿಲ್ಲುವುದು, ಕಾಯುವುದು. ಪ್ರತಿ ಸಲ ಆಚೆಯ ಅಂಚಿನಿಂದ ಹೆಂಗಸರ ದನಿ ಅಷ್ಟೇ ತಡವಾಗಿ ಬಂತು. ಕೊನೆಯ ಸೊಲ್ಲು ಮುಗಿದಾಗ ನಾನು ಹಾಡು ಆಯಿತೆಂದು ಏಳಹೊರಟೆ. ಅವ್ವ ಕೈ ಅಡ್ಡ ಹಿಡಿದಳು. ಕಿವಿ ಮುಂದೆ ಮಾಡಿ ಕೂತಳು. ಆ ಕೊನೆಯ ಸೊಲ್ಲಿನ ಉತ್ತರವೂ ಅಷ್ಟೇ ತಡವಾಗಿ ಬಂತು, ಜೊತೆಗೆ ಬಳೆಗಳ ಸದ್ದು, ಯಾರದೋ ನಗು.

"ಈಗ ಆತು" ಎಂದಳು ಅವ್ವ.