ಜವಳಗೇರಾ ತಿರುವಿನ ಹೆಬ್ಬೆಟ್ಟು

ದೆವ್ವ, ಗಾಳಿ, ಮಾಟ ಎಂಬ ಮಾತು ಬಂದರೆ ಎದ್ದು ಹೋಗುವವನು ನಾನು. ಎದ್ದು ಹೋಗಲಾಗದಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. "ನೀ ಕಣ್ಣಾರೆ ಕಂಡೀಯೇನು, ಇಲ್ಲಾ ನಿಮ್ಮ ಭಾವನ ಸ್ವಾದರಮಾವ ಕಂಡಾನೋ?" ಎಂದು ಕೇಳುತ್ತಿದ್ದೆ. ಹೀಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಕತೆ ಅಲ್ಲಿಗೇ ಮುಗಿಯುತ್ತವೆ. ಉಳಿದ ಒಂದನ್ನು ನಾನು ನಂಬುತ್ತಿರಲಿಲ್ಲ.

ನನ್ನದು ಮೊದಲಿನಿಂದಲೂ ಶಂಕೆಯ ಸ್ವಭಾವ. ಹಾಲಿನವನು ಹಾಕಿ ಹೋದ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತೇನೆ, ಅವನು ಹೇಳಿದ ಮೇಲೆ ಡ್ರೈವರನನ್ನೂ ಕೇಳುತ್ತೇನೆ. "ನಿಮಗ ನಿಮ್ಮ ನೆರಳಿನ ಮ್ಯಾಲೂ ಶಕ್ಕು" ಎಂದು ನನ್ನ ಹೆಂಡತಿ ಬೈಯದ ದಿನವಿಲ್ಲ. ಸಿಂಧನೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಪರೀಕ್ಷೆಯ ದಿನ ನನ್ನ ಕೋಣೆ ಬಂತೆಂದರೆ ಹುಡುಗರು ಚೀಟಿಗಳನ್ನು ಬಾಗಿಲ ಹೊರಗೇ ಹರಿದು ಒಗೆದು ಬರುತ್ತಿದ್ದರು. ಇಂಥವನಿಗೇ ಇದು ಆಯಿತಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆಯ ಕೆಲವರು ಸೇರಿ ಮೂರು ದಿನದ ದೊಡ್ಡ ಸೈಕಲ್ ರೇಸು ಇಟ್ಟುಕೊಂಡಿದ್ದರು. ಮೊದಲ ದಿನ ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರು. ಎರಡನೆಯ ದಿನ ಮುಕ್ಕುಂದದ ಕಡೆ ಹೋಗಿ ಬರುವುದು. ಮೂರನೆಯ ದಿನ ಸಿಂಧನೂರಿನಿಂದ ಜವಳಗೇರಾಕ್ಕೆ ಹೋಗಿ, ರಸ್ತೆ ನಡುವೆ ಇಟ್ಟ ಡಾಂಬರು ಡ್ರಮ್ಮು ಸುತ್ತಿ ಹಿಂದಿರುಗಿ, ಸಿಂಧನೂರು ದಾಟಿ ಮಸ್ಕಿ, ಅಲ್ಲಿಂದ ಲಿಂಗಸುಗೂರು. ಮೂರೂ ದಿನದ ಹೊತ್ತು ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದಂತೆ. ಅಲ್ಲಿಯವರೆಗೆ ಯಾರು ಮುಂದಿರುತ್ತಾನೋ ಅವನಿಗೆ ಹಳದಿ ಅಂಗಿ. ಬಿಜಾಪುರ, ಜಮಖಂಡಿ, ಹೈದರಾಬಾದಿನ ಕಡೆಯಿಂದ ಸವಾರರು ಬಂದಿದ್ದರು. ಊರೂರು ಸುತ್ತಿ ಸೈಕಲ್ ತುಳಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಗಂಡಸರು, ತೊಡೆ ಒಂದೊಂದೂ ಬಾಗಿಲ ಚೌಕಟ್ಟಿನಷ್ಟು ದಪ್ಪ.

ಅವರನ್ನೆಲ್ಲ ಹಿಂದೆ ಹಾಕಿ ಎರಡನೆಯ ದಿನದ ಸಂಜೆ ಹಳದಿ ಅಂಗಿ ತೊಟ್ಟವನು ನಮ್ಮವನೇ, ಲಿಂಗಸುಗೂರಿನ ಅಮರೇಶ. ಅವನಪ್ಪ ಅಲ್ಲಿನ ಬಜಾರಿನಲ್ಲಿ ಹಮಾಲಿ. ರೇಸು ನೋಡಲು ರೈಲ್ವೆಯ ಸೈಕಲ್ ತಂಡದ ಸಾಹೇಬರೊಬ್ಬರು ಬಂದಿದ್ದರು. ಗೆದ್ದವನನ್ನು ನೌಕರಿಗೆ ತೆಗೆದುಕೊಳ್ಳುತ್ತೇನೆ ಎಂದು ಎಲ್ಲರೆದುರು ಹೇಳಿದ್ದರು. ಅಮರೇಶನ ವಯಸ್ಸು ನೌಕರಿಯ ಮಿತಿ ಮೀರಲು ಬಂದಿತ್ತು. ಈ ಸಲ ತಪ್ಪಿದರೆ ಅವನಿಗೂ ಅಪ್ಪನಂತೆ ಚೀಲ ಹೊರುವುದೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆದರೆ ಗುಸುಗುಸು ಎದ್ದಿತ್ತು. ಎರಡನೆಯ ದಿನ ಅರ್ಧ ದಾರಿಯಲ್ಲಿ ಎಲ್ಲರಿಗಿಂತ ಹಿಂದಿದ್ದವನು ಕೊನೆಗೆ ಎಲ್ಲರಿಗಿಂತ ಮುಂದೆ ಬಂದದ್ದು ಹೇಗೆ? "ಕಾಲುವಿ ದಂಡಿ ಹಿಡದು ಅಡ್ಡದಾರಿಲೆ ಬಂದಾನ" ಎಂದರು ಕೆಲವರು. ಮುಕ್ಕುಂದದ ತಿರುವಿಗೆ ಹೋದದ್ದಕ್ಕೆ ಸಾಕ್ಷಿಯೆಂದು ಸವಾರರಿಗೆ ಕೊಡುತ್ತಿದ್ದ ಬಿಲ್ಲೆಗಳನ್ನು ನಂಬುವಂತಿರಲಿಲ್ಲ. ಆ ಸಂಜೆಯೇ ತಿರುವಿನ ಮುಖ ನೋಡದವರ ಜೇಬಿನಲ್ಲೂ ಬಿಲ್ಲೆ ಸಿಕ್ಕಿದ್ದವು. ನಾನಂತೂ ಅಮರೇಶ ಮೋಸಗಾರನೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ರೇಸಿನ ಕಮಿಟಿಗೆ ಅಧ್ಯಕ್ಷರು ಪಂಪನಗೌಡರು, ಅಕ್ಕಿ ಗಿರಣಿಯ ಮಾಲೀಕರು. ಅಂದು ಸಂಜೆ ನನ್ನನ್ನು ಕರೆಸಿದರು. "ಮಾಸ್ತರ, ನಾಳೆ ಜವಳಗೇರಾ ತಿರುವಿಗೆ ನೀವ ನಿಂದರ್ರಿ. ನಿಮ್ಮ ಕಣ್ಣು ತಪ್ಪಿಸಿ ನೊಣ ಸುದ್ದಾ ಹೋಗಂಗಿಲ್ಲ" ಎಂದರು.

"ನಿಂದರ್ತೀನ್ರಿ. ಆದ್ರ ಈ ಬಿಲ್ಲೆ ಗಿಲ್ಲೆ ಬ್ಯಾಡ. ಕುರಿಬಣ್ಣ ತರಿಸ್ರಿ, ಎಲ್ಲಾರ ಕೈಗೆ ಹೆಬ್ಬೆಟ್ಟು ಒತ್ತಿ ಕಳಸ್ತೀನಿ" ಎಂದೆ.

ಬೇರೆಯವರ ಹಿಂಡಿನಲ್ಲಿ ಕಲೆತರೂ ಗುರುತು ಸಿಗಲೆಂದು ಕುರಿಗಾರರು ಕುರಿಯ ಮೈಗೆ ಹಚ್ಚುವ ಬಣ್ಣ ಅದು. ಮಳೆಗೂ ಹೋಗದು, ಬಿಸಿಲಿಗೂ ಹೋಗದು. ತಂದ ಕೆಂಪಿಗೆ ಮನೆಯಲ್ಲಿ ಕೂತು ಇಷ್ಟಿಷ್ಟು ನೀಲಿ ಬೆರೆಸಿ ನೇರಳೆಹಣ್ಣಿನ ಬಣ್ಣ ಮಾಡಿದೆ. ಡಬ್ಬಿಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡೇ ಮಲಗಿದೆ. ಇನ್ನು ನನ್ನ ಹೆಬ್ಬೆಟ್ಟು. ಚಿಕ್ಕಂದಿನಲ್ಲಿ ಕುಡುಗೋಲು ತಗುಲಿ ಅದರ ಮೇಲೆ ಅಡ್ಡ ಗಾಯದ ಗೆರೆ ಉಳಿದಿದೆ. ಒತ್ತಿದರೆ ಗುರುತು ಎರಡು ಹೋಳಾಗಿ ಮೂಡುತ್ತದೆ. ಅದನ್ನು ನಕಲು ಮಾಡುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ವಿಪರೀತ ಮಂಜು. ಕೊಯ್ಲಾದ ಭತ್ತದ ಗದ್ದೆಗಳ ಮೇಲೆ, ಕಾಲುವೆಯ ಮೇಲೆ, ರಸ್ತೆಯ ಮೇಲೆ ಎಲ್ಲ ಕಡೆ ಮಂಜು. ನಾನು ಡ್ರಮ್ಮಿನ ಪಕ್ಕ ನಿಂತೆ. ರಸ್ತೆಯ ಆಚೆ ಬದಿ ಚಹಾದಂಗಡಿಯ ಖಾಜಾಸಾಬ ಸವಾರರಿಗೆ ಕೊಡಲು ನೀರಿನ ಕೊಡ ಇಟ್ಟುಕೊಂಡು ನಿಂತಿದ್ದ. ಸವಾರರು ಗುಂಪಾಗಿ ಬಂದರು. ಡ್ರಮ್ಮು ಸುತ್ತಲು ಹೇಗೂ ವೇಗ ತಗ್ಗಿಸಬೇಕು. ಒಬ್ಬೊಬ್ಬರೂ ಎಡಗೈ ಚಾಚಿದರು, ನಾನು ಮುಂಗೈಗೆ ಒತ್ತಿದೆ. ಗುಂಪಿನಲ್ಲಿ ಹಳದಿ ಅಂಗಿ ಇರಲಿಲ್ಲ. ಹಿಂದೆ ಬಿದ್ದವರು ಬಂದರು, ಅವರಲ್ಲೂ ಇರಲಿಲ್ಲ. ತೀರ ಕೊನೆಯವನು ಏದುಸಿರು ಬಿಡುತ್ತ ಬಂದು ಹೋದ. ಅಮರೇಶ ಬರಲಿಲ್ಲ.

ಸಿಕ್ಕಿಬಿದ್ದೆಯಲ್ಲೋ ಮಗನೇ ಎಂದುಕೊಂಡೆ. ಜವಳಗೇರಾ ಇನ್ನೂ ದೂರವಿರುವಾಗಲೇ ರಸ್ತೆಗೆ ಒಂದು ಕಾಲುವೆ ಅಡ್ಡ ಬರುತ್ತದೆ. ಮುಂದೆ ಮುಂದೆ ಹೋಗಿ, ಅದರ ದಂಡೆಗೆ ಇಳಿದು, ಉಳಿದವರು ಈ ಕಡೆ ದಾಟಿದ ಮೇಲೆ ವಾಪಸು ಸಿಂಧನೂರಿನ ದಾರಿ ಹಿಡಿದರೆ ಆಯಿತು. ಇಂಥ ಮಂಜಿನಲ್ಲಿ ಯಾರು ನೋಡುತ್ತಾರೆ!

ಹೊರಡಬೇಕೆನ್ನುವಷ್ಟರಲ್ಲಿ ಮಂಜಿನೊಳಗಿಂದ ಕುರಿಹಿಂಡು ಬಂತು. ರಸ್ತೆ ತುಂಬ ಕುರಿಗಳು. ನಾನು ನಡುವೆ ಸಿಕ್ಕಿಕೊಂಡೆ. ಆಚೆ ನಿಂತಿದ್ದ ಖಾಜಾಸಾಬ ಕಾಣದಾದ. ಹಿಂಡಿನ ಹಿಂದೆ ಕಂಬಳಿ ಹೊದ್ದ ಮುದುಕ. ಅವನ ಹೆಸರು ಕರಿಯಪ್ಪನೆಂದು ನನಗೆ ತಿಳಿದದ್ದು ಮಾರನೆಯ ದಿನ. ದೇವರ ಅರಿಶಿನದ ಭಂಡಾರ ಬಳಿದು ಹಳದಿಯಾಗಿದ್ದ ಬಟ್ಟೆಯಲ್ಲಿ ಆಗತಾನೇ ಹುಟ್ಟಿದ ಮರಿಯನ್ನು ಸುತ್ತಿ ಎದೆಗೆ ಹಿಡಿದಿದ್ದ. ನನ್ನ ಕೈಯ ಡಬ್ಬಿ ನೋಡಿ ನಿಂತ.

"ಈ ಸಲದ ಮೊದಲ್ನೇ ಮರಿ ಐತ್ರಿ. ದೇವರ ಪಾಲಿಂದು. ಇದಕ್ಕ ನಮ್ಮ ಕೈಲೆ ಬಣ್ಣ ಹಚ್ಚಂಗಿಲ್ಲ, ದಾರ್ಯಾಗ ಸಿಕ್ಕವರ ಕೈಲೆ ಹಚ್ಚಿಸ್ತೀವಿ. ಜರಾ ನೀವ ಒಂದೀಟು ಹಚ್ರಿ" ಎಂದ.

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಮುದುಕನ ಮಾತು ಮೀರಬಾರದೆಂದು ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿದೆ. ನನ್ನ ಕಣ್ಣೆಲ್ಲ ರಸ್ತೆಯ ಮೇಲೆಯೇ ಇತ್ತು. ಅಮರೇಶ ಈಗಲಾದರೂ ಬಂದಾನೇನೋ ಎಂದು ನೋಡುತ್ತಲೇ ಮರಿಯ ಹಣೆಗೆ ಒತ್ತಿದೆ. ಉಣ್ಣೆ ಮೆತ್ತಗೆ ತಗುಲಬೇಕಿತ್ತು. ಬೆರಳಿಗೆ ತಗುಲಿದ್ದು ಬಿಸಿ, ಒದ್ದೆ, ನುಣುಪು. ಹಸಿ ಮರಿ, ಹಾಗೇ ಇರುತ್ತದೆ ಎಂದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಮುದುಕ ಮರಿಯ ಮೇಲೆ ಬಟ್ಟೆ ಎಳೆದು ಮುಂದೆ ಹೋಗಿದ್ದ.

ಹಿಂಡು ದಾಟಿದ ಮೇಲೆ ಖಾಜಾಸಾಬನನ್ನು ಕೇಳಿದೆ, "ಹಳದಿ ಅಂಗಿ ಕಂಡೀಯೇನು?" ಎಂದು. "ಕುರಿ ಅಡ್ಡ ಇದ್ವಲ್ರೀ ಮಾಸ್ತರ, ನನಗ ನೀವ ಕಾಣಲಿಲ್ಲ" ಎಂದ. ಗೆಳೆಯನಿಂದ ಕೇಳಿ ತಂದಿದ್ದ ಮೋಟಾರು ಸೈಕಲ್ ಹತ್ತಿ ಹೊರಟೆ. ಸಿಂಧನೂರಿನ ಸರ್ಕಲ್ಲಿನಲ್ಲಿ ವಿಚಾರಿಸಿದರೆ, ಹಳದಿ ಅಂಗಿಯವನು ಉಳಿದವರೆಲ್ಲರಿಗಿಂತ ಎಷ್ಟೋ ಮೊದಲೇ ಒಬ್ಬನೇ ದಾಟಿ ಹೋದ ಎಂದರು. ಮಸ್ಕಿಯಲ್ಲೂ ಅದೇ ಮಾತು. ನನಗೆ ಒಳಗೊಳಗೇ ಖುಷಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಲಿಂಗಸುಗೂರಿನಲ್ಲಿ ಪೆಂಡಾಲು, ಹಲಗೆಯ ಬಡಿತ, ಗುಲಾಲು. ಅಮರೇಶ ಗೆದ್ದಿದ್ದ. ಅವನಪ್ಪ ಮಗನ ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತ ನಿಂತಿದ್ದ. ರೈಲ್ವೆ ಸಾಹೇಬರು ಹಾರ ಹಿಡಿದು ಎದ್ದಿದ್ದರು. ನಾನು ನೇರ ವೇದಿಕೆ ಹತ್ತಿ ಹೇಳಿದೆ, "ಹಾರ ಹಾಕಬ್ಯಾಡ್ರಿ. ಇವ ಜವಳಗೇರಾಕ್ಕ ಬಂದೇ ಇಲ್ಲ. ಇವನ ಕೈ ನೋಡ್ರಿ."

ಹಲಗೆ ನಿಂತಿತು. ಅಮರೇಶನ ಮುಖ ಸುಣ್ಣದಂತಾಯಿತು. ಭುಜದ ಮೇಲಿದ್ದ ಟವೆಲನ್ನು ಎಡಗೈ ಮೇಲೆ ಎಳೆದುಕೊಂಡು ಎದೆಗೆ ಒತ್ತಿ ಹಿಡಿದ. "ದಾರಿ ಕಾಣ್ತಿರಲಿಲ್ರೀ..." ಎಂದಷ್ಟೇ ಹೇಳಿದ. ಅವನಪ್ಪ ಮಾತ್ರ "ನನ್ನ ಮಗ ಗಲತ್ ಕೆಲಸ ಮಾಡಂಗಿಲ್ರೀ ಯಪ್ಪಾ" ಎಂದು ಎಲ್ಲರಿಗೂ ಕೈ ಮುಗಿಯತೊಡಗಿದ. ಪಂಪನಗೌಡರು ಮುಂದೆ ಬಂದು ಟವೆಲು ಕಿತ್ತು ಅವನ ಕೈ ತಿರುಗಿಸಿದರು.

ಗುರುತು ಇತ್ತು. ನೇರಳೆ ಬಣ್ಣ, ನಡುವೆ ಅಡ್ಡ ಗೆರೆ, ಎರಡು ಹೋಳು.

ಆ ಕ್ಷಣ ನಾನು ಗುರುತಿಗಿಂತ ಹೆಚ್ಚು ನೋಡಿದ್ದು ಅಮರೇಶನ ಮುಖವನ್ನು. ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ ರೀತಿ ಇದೆಯಲ್ಲ, ಅದನ್ನು ನಾನು ಸಾಯುವತನಕ ಮರೆಯಲಾರೆ. ಪಾರಾದವನ ಸಮಾಧಾನ ಅಲ್ಲಿರಲಿಲ್ಲ. ನನಗಿಂತ ಹೆಚ್ಚು ಬೆಚ್ಚಿದ್ದವನು ಅವನೇ.

"ಏನ್ ಮಾಸ್ತರ, ಇದು ನಿಮ್ಮ ಹೆಬ್ಬೆಟ್ಟು ಹೌದೋ ಅಲ್ಲೋ? ನಿಮ್ಮ ಮಾತ ಫೈಸ್ಲಾ" ಎಂದರು ಗೌಡರು. ಡಬ್ಬಿ ತೆಗೆದು ಅದರ ಪಕ್ಕದಲ್ಲೇ ಇನ್ನೊಂದು ಒತ್ತಿ ನೋಡಿದೆ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಒತ್ತುವಾಗ ಬೆರಳಿಗೆ ತಗುಲಿದ್ದು ಬಿಸಿ, ಒದ್ದೆ, ನುಣುಪು. "ಹೆಬ್ಬೆಟ್ಟು ನಂದ ಐತ್ರಿ" ಎಂದೆ. ಅವನು ಬಂದಿದ್ದ ಎಂದು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಲಗೆ ಮತ್ತೆ ಶುರುವಾಯಿತು.

ಮರುದಿನ ಶಾಲೆಗೆ ರಜೆ ಹಾಕಿ ಆ ಮುದುಕನನ್ನು ಹುಡುಕಿಕೊಂಡು ಹೋದೆ. ಜವಳಗೇರಾದ ಆಚೆ ಕೊಯ್ದ ಗದ್ದೆಯೊಂದರಲ್ಲಿ ಹಿಂಡು ನಿಲ್ಲಿಸಿದ್ದ. ಮರಿ ತೋರಿಸು ಎಂದೆ. ತಂದು ನನ್ನ ತೊಡೆಯ ಮೇಲಿಟ್ಟ. ಹಣೆ ಬೆಳ್ಳಗಿತ್ತು. ಉಣ್ಣೆ ಬಿಡಿಸಿ ಬಿಡಿಸಿ ನೋಡಿದೆ. ಬಣ್ಣದ ಚುಕ್ಕೆಯೂ ಇರಲಿಲ್ಲ.

ಕರಿಯಪ್ಪ ನನ್ನನ್ನೇ ನೋಡುತ್ತಿದ್ದ. "ನೀವು ಖರೇ ಹಚ್ಚಿದ್ರೇನ್ರೀ ಮಾಸ್ತರ?" ಎಂದು ಕೇಳಿದ. ಬದುಕಿನಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹಾಗೆ ಶಂಕೆಯಿಂದ ನೋಡಿದ್ದು. ಹಚ್ಚಿದೆನಲ್ಲ, ನೀನೇ ಹಿಡಿದುಕೊಂಡಿದ್ದೆ, ಬೇಕಾದರೆ ಇನ್ನೊಮ್ಮೆ ಹಚ್ಚುತ್ತೇನೆ ಎಂದೆ. ಮುದುಕ ಮರಿಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ. ಹಚ್ಚಿದ್ದು ಹಚ್ಚೇ ಐತಿ. ಎಲ್ಲಿ ಹೋಗಿ ಕುಂತೈತೋ, ದೇವರು ಅದನ್ನ ತನ್ನ ಪಾಲು ಅಂತಾನ" ಎಂದ.

ಅಂದಿನಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಮಂಜು, ಕುರಿಗಳ ಗದ್ದಲ, ಹಳದಿ ಬಟ್ಟೆ, ಹಳದಿ ಅಂಗಿ. ಮುದುಕ ಮಾತಾಡುವಾಗಲೇ ಅಮರೇಶ ಹಿಂಡಿನೊಳಗೆ ನುಸುಳಿ ಬಂದು ಕೈ ಚಾಚಿರಬೇಕು, ನಾನು ನೋಡದೆ ಅವನಿಗೇ ಒತ್ತಿರಬೇಕು. ಹೆಂಡತಿ ಹೇಳುವುದೂ ಅದನ್ನೇ. ಆಗಲಿ. ಆದರೆ ಎಲ್ಲರೂ ತಿರುಗಿ ಹೋದ ಮೇಲೆ ಬಂದವನು, ದಾರಿಯಲ್ಲಿ ಒಬ್ಬರ ಕಣ್ಣಿಗೂ ಬೀಳದೆ ಎಲ್ಲರನ್ನೂ ದಾಟಿ, ಅವರಿಗಿಂತ ಎಷ್ಟೋ ಮೊದಲು ಸಿಂಧನೂರು ಮುಟ್ಟಿದ್ದು ಹೇಗೆ? ದಂಡೆಯಲ್ಲೇ ಅಡಗಿದ್ದನೆಂದರೆ ಹೆಬ್ಬೆಟ್ಟು ಅಲ್ಲಿಗೆ ಹೋದದ್ದು ಹೇಗೆ? ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಅಮರೇಶನಿಗೆ ನೌಕರಿ ಸಿಕ್ಕಿತು. ಕೆಲವು ವರ್ಷಗಳ ಮೇಲೆ, ತೊಂಬತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ, ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮೈ ಕೈ ತುಂಬಿಕೊಂಡಿದ್ದ. ಕಲ್ಲು ಸಿಡಿಯುವಂಥ ಆ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮುಂಗೈಯ ಗುಂಡಿ ಬಿಗಿಯಾಗಿ ಹಾಕಿಕೊಂಡಿದ್ದ. "ಆರಾಮ ಅದೀರೇನ್ರೀ ಮಾಸ್ತರ" ಎಂದು ಕಾಲು ಮುಟ್ಟಿದ, ಚಹಾ ಕುಡಿಸಿದ. ಆ ದಿನದ ಮೇಲೆ ರೇಸಿಗೆ ಇಳಿಯಲು ಮನಸ್ಸೇ ಬರಲಿಲ್ಲ, ಮೇಲಿನವರನ್ನು ಕೇಳಿಕೊಂಡು ಆಫೀಸಿನ ಕೆಲಸಕ್ಕೆ ಹೋದೆ ಎಂದ. ಆಮೇಲೆ ಗ್ಲಾಸು ಕೆಳಗಿಟ್ಟು, ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಕೇಳಿದ: "ನೀವು ಖರೇ ಹಚ್ಚಿದ್ರೇನ್ರೀ ಮಾಸ್ತರ?"

ಅದೇ ಮಾತು, ಆ ಮುದುಕ ಕೇಳಿದ್ದೇ ಮಾತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ನೀ ಖರೇ ಬಂದಿದ್ದೇನೋ ಅಮರೇಶ?"

ಅವನ ಕಣ್ಣು ನನ್ನ ಹೆಬ್ಬೆಟ್ಟಿನ ಮೇಲಿತ್ತು, ನನ್ನ ಕಣ್ಣು ಅವನ ಮುಂಗೈಯ ಗುಂಡಿಯ ಮೇಲೆ. ಬಿಚ್ಚಿ ತೋರಿಸು ಅಂದಿದ್ದರೆ ತೋರಿಸುತ್ತಿದ್ದನೋ ಏನೋ. ಎಂಥೆಂಥ ಹುಡುಗರ ಜೇಬು ತಡಕಿದ ನನಗೆ ಆ ಒಂದು ಗುಂಡಿ ಬಿಚ್ಚಿಸುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಯಾವುದೋ ಬಸ್ಸು ಬಂತು. ಬೋರ್ಡು ನೋಡಲಿಲ್ಲ, ಕಂಡಕ್ಟರನನ್ನು ಕೇಳಲಿಲ್ಲ; ಹತ್ತಿ ಕುಳಿತುಬಿಟ್ಟೆ. ನಾನು ಹೋಗಬೇಕಾಗಿದ್ದು ಸಿಂಧನೂರಿಗೆ. ಬಸ್ಸು ಲಿಂಗಸುಗೂರಿನದು ಎಂದು ತಿಳಿದದ್ದು ಟಿಕೀಟು ತೆಗೆಯುವಾಗ.