ಜಗಳೂರಿನ ಕುರಿ, ಬಸವಾಪಟ್ಟಣದ ಗದ್ದೆ

ಮದುವೆ ಮನೆಯ ಪಂಕ್ತಿಯಲ್ಲಿ ಯಾರನ್ನು ಎಲ್ಲಿ ಕೂರಿಸಿದ್ದಾರೆಂದು ನೋಡುವಂತೆ, ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಪರಿವಿಡಿಯನ್ನು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ನಿಂತುಹೋದ ನನ್ನ ವಿದ್ವತ್ತಿಗೆ ಒಳಗಿನದೆಲ್ಲ ದಕ್ಕದಿದ್ದರೂ, ಯಾರ ಪಕ್ಕ ಯಾರು ಕೂತಿದ್ದಾರೆಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಹೋದ ವರ್ಷ ಅಂಥದೊಂದು ಪಂಕ್ತಿಗೆ ನನಗೇ ಕರೆ ಬಂದಿತು. ದೇಶದ ಒಂದೊಂದು ಸೀಮೆಯ ಬಗ್ಗೆ ಅಲ್ಲಿಯವರೇ ಬರೆದ ಪ್ರಬಂಧಗಳನ್ನು ಸೇರಿಸಿ ದೊಡ್ಡ ಪುಸ್ತಕವೊಂದನ್ನು ತರುತ್ತಿದ್ದಾರೆಂದು ಚನ್ನಗಿರಿಯ ಕಾಲೇಜಿನಲ್ಲಿ ಕೇಳಿಕೊಂಡು ಬಂದ ಸಹನಾ, ನನ್ನ ಮೊಮ್ಮಕ್ಕಳಾದ ನಿಮಗೆಲ್ಲ ದೊಡ್ಡವಳು, ನನ್ನ ನೋಟ್‌ಬುಕ್ಕಿನ ಆರು ಹಾಳೆಗಳನ್ನು ನನಗೆ ಹೇಳದೆ ಕಳಿಸಿಬಿಟ್ಟಳು. ನಿಮ್ಮ ಅಜ್ಜ ಹೋದ ಮೇಲೆ ಹತ್ತಿದ ಚಟ ಈ ಬರವಣಿಗೆ. ಯಾರಾದರೂ ಒಳಗೆ ಬಂದರೆ ನೋಟ್‌ಬುಕ್ಕನ್ನು ಅಕ್ಕಿ ಡಬ್ಬದ ಹಿಂದೆ ತಳ್ಳುವವಳು ನಾನು. ಸಂಪಾದಕರು ಮೆಚ್ಚಿದ್ದಾರೆಂದು ತಿಳಿದಾಗ ನಾಚಿಕೆಯಿಂದ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ, ಅಚ್ಚಾಗುವುದು ಯಾವಾಗ ಎಂದು ನಾನೇ ಕೇಳಿದೆ.

ಆ ಹಾಳೆಗಳಲ್ಲಿದ್ದದ್ದು ಕುರಿ. ಜಗಳೂರು ಕಡೆಯ ಒಣಸೀಮೆಯಲ್ಲಿ ಹುಟ್ಟಿದ ನನ್ನನ್ನು ಕೊಟ್ಟದ್ದು ಬಸವಾಪಟ್ಟಣದ ನೀರಾವರಿ ಮನೆಗೆ. ಮುಖ ತೊಳೆಯಲು ಒಂದು ಚೊಂಬು ಹೆಚ್ಚು ಸುರಿದುಕೊಂಡರೂ ನೀರು ಕಾಣದವಳೆಂದು ಅತ್ತೆ ನಗುತ್ತಿದ್ದರು. ಇಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ನಾಲ್ಕಾರು ದಿನ ಕುರಿ ನಿಲ್ಲಿಸುವುದು ವಾಡಿಕೆ. ಅವು ಹಾಕಿದ ಹಿಕ್ಕೆಯೇ ಮುಂದಿನ ಬೆಳೆಗೆ ಗೊಬ್ಬರ. ಕುರಿಗಾರರಿಗೆ ಗದ್ದೆಯವರ ಮನೆಯಿಂದ ಊಟ, ಹೊರಡುವಾಗ ದವಸ. ನಾನು ಮದುವೆಯಾಗಿ ಬಂದ ವರ್ಷ ಜಗಳೂರಿನ ಮಂದೆಯೊಂದು ನಮ್ಮ ಗದ್ದೆಗೆ ಬಂದಿತು.

“ನಿನ್ನ ತವರಿನೋರು ಬಂದಾರೆ ನೋಡವ್ವ, ನಾಕು ಕಾಲಿನೋರು. ಮಾತಾಡಿಸ್ಕೊಂಡು ಬಾ,” ಎಂದರು ಅತ್ತೆ.

ಕುಟುಕು ತಿಳಿಯದ ನಾನು ಅದನ್ನು ಅಪ್ಪಣೆಯೆಂದೇ ತಿಳಿದು, ರೊಟ್ಟಿ ಬುತ್ತಿ ಹೊತ್ತು ಹೊರಟೇಬಿಟ್ಟೆ! ಹೊಸ ಸೊಸೆ ಗದ್ದೆಯ ಬದುವಿನ ಮೇಲೆ ಕೂತು, ಮುದುಕ ಕುರಿಗಾರನನ್ನು ನಮ್ಮೂರಲ್ಲಿ ಮಳೆ ಆಯಿತೇ, ಶೇಂಗಾ ಹೇಗಿದೆ ಎಂದು ವಿಚಾರಿಸುತ್ತಿದ್ದುದನ್ನು ಊರೇ ಕಂಡಿತು. ಮುಂದಿನ ಬೆಳೆ ತೆನೆಯ ಭಾರಕ್ಕೆ ಬಾಗಿದಾಗ ಅತ್ತೆ ನಗಲಿಲ್ಲ. ನಿನ್ನ ತವರಿನವರು ಮತ್ತೆ ಯಾವಾಗ ಬರುತ್ತಾರೆ, ಇಲ್ಲಿ ನಿಲ್ಲದೆ ನೇರ ಹೊನ್ನಾಳಿ, ನ್ಯಾಮತಿ ಕಡೆ ದಾಟಿಬಿಟ್ಟಾರು ಎಂದು ತಾವೇ ಆತಂಕಪಟ್ಟರು.

ಇಷ್ಟೇ ನನ್ನ ಪ್ರಬಂಧ. ಒಂದು ದಿನ ಸಂಪಾದಕರು ಫೋನ್ ಮಾಡಿದರು, ಬಹಳ ಮರ್ಯಾದಸ್ಥರು. ಹಿಕ್ಕೆಯ ವಿಷಯ ಅಂಥ ಪುಸ್ತಕಕ್ಕೆ ಒಪ್ಪುವುದಿಲ್ಲವಂತೆ. ನೀರಿನ ಸೀಮೆ, ಒಣಸೀಮೆ ಎಂದು ಭಾಗ ಮಾಡಿರುವುದರಿಂದ ಬಸವಾಪಟ್ಟಣವನ್ನೂ ಕೈಬಿಟ್ಟು, ಜಗಳೂರಿನ ಬಾಯಾರಿಕೆಯನ್ನಷ್ಟೇ ಉಳಿಸಿ, ಸ್ವಲ್ಪ ಕಣ್ಣೀರು ಬರುವಂತೆ ತಿದ್ದಿಕೊಡಬೇಕಂತೆ. ಇಲ್ಲವಾದರೆ ಸೇರಿಸುವುದು ಕಷ್ಟ. ಪಕ್ಕದಲ್ಲಿ ನಿಂತ ಸಹನಾ ಒಪ್ಪಿಕೋ ಎಂದು ಕೈಮುಗಿಯುತ್ತಿದ್ದಳು. ನನಗೂ ಆಸೆ ಇರಲಿಲ್ಲವೆಂದರೆ ಸುಳ್ಳು. ಈ ವಯಸ್ಸಿನಲ್ಲಿ ಅಚ್ಚಿನಲ್ಲಿ ಹೆಸರು ಕಾಣುವುದು ಇದೊಂದೇ ಸಲ. ಆದರೂ ಬಾಯಿ ತಾನಾಗಿಯೇ ತೆರೆಯಿತು.

“ಸಾರ್, ಆ ಹಿಕ್ಕೆ ಬಿದ್ದಿದ್ದಕ್ಕೇ ಈ ಗದ್ದೆ ಬೆಳದೈತೆ. ನನ್ನ ತವರು ಕೊಟ್ಟಿದ್ದನ್ನ ತೆಗೆದು ಹಾಕಿ, ಅದರ ಬಾಯಾರಿಕೆ ಒಂದನ್ನೇ ತೋರ್ಸಾಕೆ ನನಗೆ ಆಗಲ್ಲ. ಹಾಕಿದ್ರೆ ಹಂಗೇ ಹಾಕ್ರಿ. ಇಲ್ಲಾಂದ್ರೆ ನನ್ನ ಹಾಳೆ ವಾಪಸ್ ಕಳಿಸ್ರಿ.”

ಹಾಳೆಗಳು ವಾಪಸ್ ಬಂದವು. ಪುಸ್ತಕವೂ ಬಂದಿತು, ದಪ್ಪ ರಟ್ಟು, ಒಳ್ಳೆಯ ಕಾಗದ, ಪರಿವಿಡಿಯಲ್ಲಿ ನಾವಿಲ್ಲ. ಮೂರು ಸಲ ಹುಡುಕಿದೆ, ನಿಮ್ಮಿಂದ ಏಕೆ ಮುಚ್ಚಿಡಲಿ. ಒಂದು ಮಾತು ಬಿಟ್ಟಿದ್ದರೆ ಏನಾಗುತ್ತಿತ್ತಜ್ಜಿ ಎಂದು ಸಹನಾ ವಾರವೆಲ್ಲ ಮುಖ ಊದಿಸಿಕೊಂಡಿದ್ದಳು. ಅವಳಿಗೆ ಉತ್ತರವಾಗಿಯೇ, ಒಂದು ಮಾತೂ ಬಿಡದೆ, ಇದನ್ನು ನಿಮಗೆ ಬರೆಯುತ್ತಿದ್ದೇನೆ.

ಮೊನ್ನೆ ಜಗಳೂರಿನ ಮಂದೆ ಬಂದಿತು. ಬುತ್ತಿ ಹೊತ್ತ ಸಹನಾ ಗದ್ದೆಯಂಚಿನಲ್ಲಿ ಮೂಗು ಮುಚ್ಚಿಕೊಂಡು ನಿಂತಳು. ನಾನು ಹಿಕ್ಕೆ ತುಳಿಯುತ್ತ ಮುಂದೆ ನಡೆದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ, ಅವಳು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದಳು.