ಓಡೆಲ್‌ನ ಕತ್ತರಿ, ಓಡೆಲ್‌ನ ಉಪದೇಶ

ನಮ್ಮ ಗ್ಯಾರಿ ಊರಿನ ಕ್ಷೌರಿಕ ಓಡೆಲ್‌ನ ಅಂಗಡಿಗೆ ಬಂದ ಎತ್ತರದ ಹುಡುಗರೆಲ್ಲ ಒಂದೇ ಉಪದೇಶ ಕೇಳಿ ಎದ್ದವರು: "ಕಾಲೇಜು ಎಲ್ಲೂ ಓಡಿಹೋಗಲ್ಲ ಕಣೋ, ಮಂಡಿ ಸವೆದುಹೋಗುತ್ತೆ. ಹೈಸ್ಕೂಲು ಮುಗೀತಾ, ಸೀದಾ ದುಡ್ಡಿನ ಬ್ಯಾಸ್ಕೆಟ್‌ಬಾಲ್‌ಗೆ ಹೋಗು." ಪಾದ್ರಿಯ ತಲೆಯನ್ನು ಅರ್ಧ ಬೋಳಿಸಿ ಬಿಟ್ಟು, ಕತ್ತರಿ ಬೀಸುತ್ತ ಇದನ್ನೇ ವಾದಿಸುತ್ತಿದ್ದ. ಆ ಮಾತು ನಂಬಿದ ಟೈರೀಸ್ ಎಂಬ ಹುಡುಗನನ್ನು ಯಾವ ವೃತ್ತಿ ತಂಡವೂ ಆರಿಸಲಿಲ್ಲ. ಒಮ್ಮೆ ಆ ಆಯ್ಕೆಗೆ ನಿಂತವನಿಗೆ ಕಾಲೇಜು ತಂಡದ ಬಾಗಿಲೂ ಮುಚ್ಚಿತು. ಅವನು ಬಂದಾಗ ಮಾತ್ರ ಓಡೆಲ್ ತುಟಿ ಬಿಚ್ಚದೆ ಕೂದಲು ಕತ್ತರಿಸುತ್ತಿದ್ದ. ಈ ವಸಂತದಲ್ಲಿ ತನ್ನ ತಂಗಿಯ ಮಗ ಡೆಮೆಟ್ರಿಯಸ್ಸೇ ವೃತ್ತಿ ತಂಡಗಳ ಆಯ್ಕೆಗೆ ಹೆಸರು ಕೊಟ್ಟಾಗ ಓಡೆಲ್‌ಗೆ ಊಟ ಸೇರದಾಯಿತು. ನಿನ್ನೆ ಹುಡುಗ ಬಂದು, "ಮಾವ, ಬೈಬೇಡ. ಆಯ್ಕೆಗೆ ಮುಂಚೇನೇ ಹೆಸರು ವಾಪಸ್ ತಗೊಂಡೆ. ಕಾಲೇಜಿಗೆ ಹೋಗ್ತೀನಿ" ಎಂದ. "ದಡ್ಡ ಮುಂಡೇದೆ" ಎಂದು ಗದರಿದ ಓಡೆಲ್, ಬಿಸಿ ಟವೆಲ್ಲನ್ನು ತನ್ನ ಮುಖಕ್ಕೇ ಒತ್ತಿಕೊಂಡು ಗೋಡೆಯತ್ತ ತಿರುಗಿದ. ಅದರೊಳಗಿಂದ "ದೇವರು ದೊಡ್ಡವನು" ಎಂದದ್ದು ನಮಗೆಲ್ಲ ಕೇಳಿಸಿತು.